ಟೆಂಟಿನ ಹಲಗೆ

ಹೆಣ ಹೊರುವ ಜನಾಜಾದ ಮಂಚವನ್ನು ನಾಲ್ವರು ಹೊಸ್ತಿಲು ದಾಟಿಸಿ ಒಳಗೆ ತಂದರು. ಇಳಿಸಲು ಜಾಗ ಕಾಣದೆ ಹಿಡಿದುಕೊಂಡೇ ನಿಂತರು. ನಡುಮನೆಯ ಅರ್ಧದಲ್ಲಿ ಖುರ್ಷಿದ್ ಪಾಷಾ ಕಫನ್ನಿನ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಉಳಿದರ್ಧದಲ್ಲಿ ಅವನೇ ಕಟ್ಟಿದ ಸ್ಪೀಕರ್ ಪೆಟ್ಟಿಗೆ ಕೂತಿತ್ತು.

"ಮೊದ್ಲು ಇದನ್ನ ಆಚೆ ಹಾಕ್ರಪ್ಪ," ಅಂದ ಸರ್ದಾರ್ ಪಾಷಾ. ಅವನು ಸತ್ತವನ ಅಣ್ಣ, ಬೆಳಗಿನಿಂದ ಎಲ್ಲದಕ್ಕೂ ಓಡಾಡುತ್ತಿದ್ದವನು.

ಇಬ್ಬರು ಪೆಟ್ಟಿಗೆಯನ್ನು ಬಾಗಿಲವರೆಗೆ ಎಳೆದರು. ಉದ್ದುದ್ದ ಹಿಡಿದು ನೋಡಿದರು, ಅಡ್ಡಡ್ಡ ಹಿಡಿದು ನೋಡಿದರು.

"ಅದು ಹೋಗಲ್ಲ ಬುಡಿ," ಅಂದ ಗುಂಡಯ್ಯ. ಕುಣಿಗಲ್ ಕಡೆಯಿಂದ ಬಂದು ಬಟವಾಡಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟವನು, ಖುರ್ಷಿದನ ಜೊತೆಗಾರ. "ಇಲ್ಲೇ ಕುಂತು ಕಟ್ಟಿದ್ದು. ಬಾಗಿಲಿಗಿಂತ ಅಗಲ ಐತೆ."

"ಬಡಗಿ ಆಗಿ ಅಷ್ಟೂ ನೋಡ್ಲಿಲ್ವಾ?" ಅಂದರು ಯಾರೋ.

ನೋಡಲಿಲ್ಲ. ಶೆಟ್ಟಿಹಳ್ಳಿಯ ಅರ್ಧ ಮನೆಗಳಿಗೆ ಬಾಗಿಲು ಕೂರಿಸಿದ ಮನುಷ್ಯ ತನ್ನ ಬಾಗಿಲನ್ನು ಅಳೆದಿರಲಿಲ್ಲ. ನಗುವ ಹೊತ್ತಲ್ಲವೆಂದು ಎಲ್ಲರೂ ತುಟಿ ಬಿಗಿಹಿಡಿದರು. ಎದ್ದು ಕೂರುವ ಹಾಗಿದ್ದರೆ ಖುರ್ಷಿದನೇ ಮೊದಲು ನಗುತ್ತಿದ್ದ.

"ಹಂಗಾದ್ರೆ ಒಡೀರಿ," ಅಂದ ಸರ್ದಾರ್. "ಹಾಡಿನ ಪೆಟ್ಟಿಗೆ ಪಕ್ಕ ಮಯ್ಯತ್ ಇಟ್ಕೊಂಡು ದುವಾ ಮಾಡೋದು ನಂಗೆ ಸರಿ ಕಾಣ್ತಿಲ್ಲ."

"ಒಡೀಬೇಡಿ, ಭಾಯಿಜಾನ್."

ಅಡುಗೆಮನೆಯ ಪರದೆಯ ಹಿಂದಿನಿಂದ ಬಂದ ದನಿ ಅಖ್ತರ್ ಬಾನುವಿನದು. ಗಂಡ ಹೋದಾಗಿನಿಂದ ಅವಳು ಆಡಿದ ಮೊದಲ ಮಾತು ಅದು. ಪಕ್ಕದ ಮನೆಯ ಸಲೀಮಾ ಅವಳ ಭುಜ ಹಿಡಿದು ಕೂತಿದ್ದಳು.

"ಒಡೆಯೋದ್ಯಾಕೆ, ಬಿಚ್ಚಿದ್ರಾಯ್ತು. ಎಲ್ಲಾ ಸ್ಕ್ರೂನೇ," ಅಂದ ಗುಂಡಯ್ಯ, ಸಮಾಧಾನ ಮಾಡುವವನಂತೆ.

"ಬಿಚ್ಚೋದೂ ಬೇಡ ಗುಂಡಣ್ಣ. ಬಿಚ್ಚಿದ ಮೇಲೆ ಆ ಸದ್ದು ಬರೋ ಹಾಗೆ ನಿಮಗೆ ಕಟ್ಟೋಕಾಗುತ್ತಾ?"

ಗುಂಡಯ್ಯ ಪೆಟ್ಟಿಗೆಯನ್ನೊಮ್ಮೆ ನೋಡಿದ. ಸುಳ್ಳು ಹೇಳಬಹುದಿತ್ತು. "ಆಗಲ್ಲಕ್ಕ," ಅಂದ.

ಸರ್ದಾರ್ ಹಲ್ಲು ಕಚ್ಚಿಕೊಂಡು ಮಂಚವನ್ನು ಅಂಗಳದಲ್ಲೇ ಇಡಿಸಿದ. ಸತ್ತ ಮನೆಯಲ್ಲಿ ತಮ್ಮನ ಹೆಂಡತಿಯೊಂದಿಗೆ ಜಗಳಕ್ಕೆ ನಿಲ್ಲುವಷ್ಟು ಕೆಟ್ಟವನಲ್ಲ ಅವನು.

* * *

ಗುಬ್ಬಿಯಲ್ಲಿ ಅಖ್ತರ್ ಬಾನುವಿನ ತವರುಮನೆಯ ಹಿತ್ತಲಿಗೆ ಅಂಟಿಕೊಂಡಂತೆ ಟೆಂಟ್ ಸಿನಿಮಾ ಇತ್ತು. ಆ ಮನೆಯ ಹೆಣ್ಣುಮಕ್ಕಳು ಟೆಂಟಿನೊಳಕ್ಕೆ ಕಾಲಿಡುವಂತಿರಲಿಲ್ಲ. ಕಿವಿಗೆ ಬೀಗ ಹಾಕುವವರು ಯಾರು? ಹಿತ್ತಲಿನ ಮಂಚದ ಮೇಲೆ ಮಲಗಿ ಅವಳು ಬಂದ ಸಿನಿಮಾಗಳನ್ನೆಲ್ಲ ಕೇಳಿದ್ದಳು. ಯಾರು ಕಳ್ಳ, ಯಾರು ಒಳ್ಳೆಯವ ಎಂಬುದು ಕೆಮ್ಮಿನಲ್ಲೇ ಗೊತ್ತಾಗುತ್ತಿತ್ತು. ಮುಖಗಳನ್ನು ತಾನೇ ಮಾಡಿಕೊಳ್ಳುತ್ತಿದ್ದಳು.

ತುಮಕೂರಿಗೆ ಸೊಸೆಯಾಗಿ ಬಂದ ಎಷ್ಟೋ ವರ್ಷಗಳ ಮೇಲೆ ಖುರ್ಷಿದ್ ಒಂದು ಹಳೇ ಟೇಪ್ ರೆಕಾರ್ಡರ್ ತಂದ. ಜೊತೆಗೆ ಮಾತು, ಹಾಡು, ಹೊಡೆದಾಟ ಎಲ್ಲ ಇರುವ ಸಿನಿಮಾ ಕ್ಯಾಸೆಟ್. ಅವಳಿಗಿಂತ ಅವನಿಗೇ ಸಡಗರ.

"ಹೆಂಗಿದೆ?" ಅಂತ ಕೇಳಿದ.

"ಸೊಳ್ಳೆ ಮಾತಾಡಿದ ಹಂಗಿದೆ," ಅಂದಳು ಅವಳು, ಅಕ್ಕಿ ಆರಿಸುತ್ತಾ. "ನಮ್ಮೂರ ಟೆಂಟಲ್ಲಿ ಕುದುರೆ ಓಡಿದ್ರೆ ನನ್ನ ಮಂಚ ಅದುರೋದು."

ತಮಾಷೆಗೆ ಆಡಿದ ಮಾತು. ಖುರ್ಷಿದ್ ಅದನ್ನು ತಲೆಗೆ ಹಚ್ಚಿಕೊಂಡುಬಿಟ್ಟ. ಎಂಬತ್ತನೇ ಇಸವಿಯ ಆಚೆಗೆ ಆ ಟೆಂಟು ಮುಚ್ಚಿ ಸಾಮಾನು ಮಾರುತ್ತಾರೆಂದು ಸುದ್ದಿ ಬಂದಾಗ ಕೆಲಸ ಬಿಟ್ಟು ಗುಬ್ಬಿಗೆ ಹೋದ. ಸಂಜೆ ಊಟದ ತಟ್ಟೆಯಷ್ಟು ಅಗಲದ ಸ್ಪೀಕರನ್ನು ಮಡಿಲಲ್ಲಿಟ್ಟುಕೊಂಡು, ಬೆಂಚುಗಳ ಹಲಗೆಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಗುಂಡಯ್ಯ ಗುಜರಿಗೆ ಹಾಕಬೇಕೆಂದಿದ್ದ ಆಂಪ್ಲಿಫಯರನ್ನು ಕೊಟ್ಟ. ಅವನು ಮರಗೆಲಸ ಮಾಡುವ ಅಂಗಳದ ಚಪ್ಪರ ಸೋರುತ್ತಿದ್ದುದರಿಂದ ಆ ಹಲಗೆಗಳಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ನಡುಮನೆಯಲ್ಲೇ ಶುರುವಾಯಿತು.

ಮೊದಲ ಸಲ ಎಲ್ಲ ಕಡೆ ಮುಚ್ಚಿ ಕಟ್ಟಿದ. ದನಿ ಗಂಟಲಲ್ಲೇ ಸಿಕ್ಕಿಕೊಂಡಿತು.

"ಒಳಗಿನ ಗಾಳಿ ಎಲ್ಲಿಗೋಗ್ಬೇಕಯ್ಯಾ?" ಅಂದ ಗುಂಡಯ್ಯ. "ಮುಂದಕ್ಕೊಂದು ತೂತು ಕೊರಿ. ದೊಡ್ಡ ಕಂಪನಿಯೋರೂ ಹಂಗೇ ಮಾಡೋದು."

ತೂತು ಕೊರೆದದ್ದಾಯಿತು. ಈಗ ಸದ್ದು ಲಂಗುಲಗಾಮಿಲ್ಲದೆ ಗುಂಯ್‌ಗುಟ್ಟಿತು. ಆಗ ಖುರ್ಷಿದ್ ಬಟ್ಟೆ ಅಂಗಡಿಯಿಂದ ಪರದೆ ಬಟ್ಟೆ ಸುತ್ತಿಡುವ ದಪ್ಪ ರಟ್ಟಿನ ಕೊಳವೆ ಬೇಡಿ ತಂದು ತೂತಿಗೆ ತೂರಿಸಿದ. ಕೊಳವೆ ಉದ್ದವಾದರೆ ಒಂದು ಸದ್ದು, ಗಿಡ್ಡವಾದರೆ ಇನ್ನೊಂದು. ಬೆರಳಗಲ ಕುಯ್ಯುವುದು, ಹಾಕುವುದು, ಕೇಳುವುದು. ಹೆಚ್ಚು ಕುಯ್ದರೆ ಮತ್ತೆ ಅಂಗಡಿಗೆ ಓಡುವುದು. ಬಟ್ಟೆ ಅಂಗಡಿಯವನು ಇವನನ್ನು ಕಂಡರೆ ಒಳಗೆ ಹೋಗಿ ಅವಿತುಕೊಳ್ಳತೊಡಗಿದ.

ಒಳಗೋಡೆಗೆ ಹಳೇ ರಜಾಯಿಯ ಹತ್ತಿ, ಸಂದುಸಂದಿಗೂ ಮೇಣ. ಪ್ರತಿ ಸಲವೂ ಅಖ್ತರ್ ಬಾನು ಪೆಟ್ಟಿಗೆಯ ಮುಂದೆ ಕೂತು ಕೊಳವೆಯ ಬಾಯಿಗೆ ಅಂಗೈ ಒಡ್ಡಬೇಕು. ಅವಳ ಕೈಯೇ ಅವನ ಮೀಟರು.

"ಬಂತಾ?"

"ಬಂತು, ತೆಳ್ಳಗೆ."

ಮತ್ತೆ ಕುಯ್ಯುವನು. "ಈಗ?"

"ತೆಳ್ಳಗೆ."

ಒಂದು ಮಧ್ಯಾಹ್ನ ಕ್ಯಾಸೆಟ್ಟಿನಲ್ಲಿ ಕುದುರೆಗಳು ಓಡಿದವು. ಕೊಳವೆಯಿಂದ ಗಾಳಿ ಅವಳ ಅಂಗೈಗೆ ಬಡಿಬಡಿದು ಬಂತು. ಬಳೆ ಅಲುಗಿತು, ಕಪಾಟಿನ ಪಿಂಗಾಣಿ ಬಟ್ಟಲುಗಳು ಒಂದಕ್ಕೊಂದು ತಾಕಿದವು, ಕೂತ ಚಾಪೆಯ ಕೆಳಗೆ ನೆಲ ಅದುರಿತು. ಗುಬ್ಬಿಯ ಹಿತ್ತಲು ಇಡಿಯಾಗಿ ಶೆಟ್ಟಿಹಳ್ಳಿಯ ಬಾಡಿಗೆ ಮನೆಗೆ ಬಂದಿತ್ತು. ತನ್ನ ಒಂದು ಮಾತನ್ನು ಯಾರಾದರೂ ಇಷ್ಟು ದೂರ ಹೊತ್ತು ನಡೆಯಬಹುದೆಂದು ಅವಳು ಅಂದುಕೊಂಡಿರಲಿಲ್ಲ. ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ ಅವಳಿಗೆ.

"ನಮ್ಮ ಕುಣಿಗಲ್ ಫಾರಮ್ಮಿನ ಕುದುರೆ ನಿಮ್ಮನೇಗೇ ಬಂತಲ್ಲಪ್ಪ," ಅಂದ ಗುಂಡಯ್ಯ.

ಮೂವರೂ ನಕ್ಕು ಸುಸ್ತಾದರು. ಬಾಗಿಲಿನ ವಿಚಾರ ಹೊಳೆದದ್ದು ಆಮೇಲೆ.

* * *

ಮಧ್ಯಾಹ್ನದ ಜೊಹರ್ ನಮಾಜಿಗೆ ಇನ್ನೂ ಹೊತ್ತಿತ್ತು. ಖಬರಸ್ತಾನದಿಂದ ಸೈಕಲ್ಲಿನಲ್ಲಿ ಒಬ್ಬ ಬಂದ.

"ಗುಂಡಿ ರೆಡಿ ಆಯ್ತು ಸರ್ದಾರ್ ಭಾಯ್. ಹಲಗೆ ಎಲ್ಲಿ?"

ಗುಂಡಿಯಲ್ಲಿ ದೇಹ ಮಲಗಿಸಿ, ಮೇಲೆ ಅಡ್ಡಕ್ಕೆ ಹಲಗೆ ಜೋಡಿಸಿ, ಆಮೇಲೆ ಮಣ್ಣು ಹಾಕಬೇಕು. ಆ ಹಲಗೆಗಳನ್ನು ಮೊಹಲ್ಲಾದವರು ತರುತ್ತಿದ್ದುದೇ ಖುರ್ಷಿದನ ಚಪ್ಪರದಿಂದ. ಯಾರಿಗೆ ಯಾವಾಗ ಬೇಕಾದೀತೋ ಎಂದು ಅವನು ಒಂದು ಜೊತೆ ಕುಯ್ದು ಒರಗಿಸಿಟ್ಟಿರುತ್ತಿದ್ದ. ಕೇಳುವ ಗೋಜೂ ಇಲ್ಲ, ಹೊತ್ತುಕೊಂಡು ಹೋಗುವುದು. ಅವತ್ತೂ ಎಲ್ಲರೂ ಅಭ್ಯಾಸಬಲದಿಂದ ಅಲ್ಲಿ ಇರುತ್ತವೆಂದೇ ತಿಳಿದಿದ್ದರು.

ಸರ್ದಾರ್ ಹೋಗಿ ನೋಡಿದ. ಚಪ್ಪರ ಖಾಲಿ. ಹಿಂದಿನ ವಾರ ಮೆಹತಾಬ್ ಅಜ್ಜಿ ತೀರಿಕೊಂಡಾಗ ಇದ್ದ ಜೊತೆ ಹೋಗಿತ್ತು. ಹೊಸದು ಕುಯ್ಯುವಷ್ಟರಲ್ಲಿ ಖುರ್ಷಿದ್ ಜ್ವರ ಬಂದು ಮಲಗಿದ್ದ, ಮತ್ತೆ ಏಳಲಿಲ್ಲ.

"ಭಾನುವಾರ ಬೇರೆ. ಸಾಮಿಲ್‌ಗಳೆಲ್ಲ ಮುಚ್ಚಿರ್ತವೆ," ಅಂದರು ಒಬ್ಬರು.

ಸರ್ದಾರ್ ಜಗಲಿಯ ಮೇಲೆ ಕುಸಿದು ಕೂತ. "ಊರಿಗೆಲ್ಲ ಕೊಟ್ಟ," ಅಂದ. "ಅವನಿಗೇ ಇಲ್ವಲ್ಲೋ." ಬೆಳಗಿನಿಂದ ತಡೆದುಕೊಂಡಿದ್ದ ಅಳು ಆಗ ಬಂತು.

ಪರದೆಯ ಹಿಂದೆ ಅಖ್ತರ್ ಬಾನು ಎಲ್ಲವನ್ನೂ ಕೇಳಿಸಿಕೊಂಡಳು. ನೋಡದೆ ಕೇಳುವುದು ಅವಳಿಗೆ ಹೊಸದಲ್ಲ. ಪರದೆಯ ಸಂದಿನಿಂದ ಪೆಟ್ಟಿಗೆಯ ಒಂದು ಮೂಲೆ ಕಾಣುತ್ತಿತ್ತು. ಅವಳು ಸಲೀಮಾಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಗುಂಡಣ್ಣ, ಬಿಚ್ಚಿ," ಅಂದಳು.

"ಅಕ್ಕ, ಇನ್ನೊಂದ್ಸಲ ಯೋಚ್ನೆ ಮಾಡಿ. ಆ ಸದ್ದು—"

"ಗೊತ್ತು. ಬಿಚ್ಚಿ."

ಸರ್ದಾರ್ ಎದ್ದು ಬಂದ. "ಬೇಡ ಅಖ್ತರ್. ಹಾಡಿನ ಪೆಟ್ಟಿಗೆ ಹಲಗೆ ಗೋರಿಗೆ ಹಾಕಿದ್ರೆ ಜನ ಏನಂತಾರೆ."

"ಅಮ್ಮಿ ಗೋರಿಗೆ ಹಲಗೆ ಕುಯ್ದಿದ್ದು ಇವರೇ ಅಲ್ವಾ, ಭಾಯಿಜಾನ್. ಇದನ್ನ ಕುಯ್ದಿದ್ದೂ ಅದೇ ಕೈ." "ಆ ಬಾಗಿಲೊಂದು ಬಿಟ್ರೆ ಅವರು ಯಾವ ಅಳತೇನೂ ತಪ್ಪಿಲ್ಲ."

ಸರ್ದಾರ್ ಟೋಪಿ ಸರಿಮಾಡಿಕೊಂಡು ಪೆಟ್ಟಿಗೆಯ ಇನ್ನೊಂದು ತುದಿಗೆ ಹೋಗಿ ಕೂತ. ಗುಂಡಯ್ಯ ಸ್ಕ್ರೂ ಬಿಚ್ಚುತ್ತಾ ಹೋದಂತೆ ಹಲಗೆಗಳನ್ನು ಸರ್ದಾರನೇ ಕೈಯಲ್ಲಿ ಹಿಡಿದು ಇಳಿಸಿದ, ಮೇಣ ಕೆರೆದು ಒದ್ದೆ ಬಟ್ಟೆಯಲ್ಲಿ ಒರೆಸಿದ. ರಜಾಯಿಯ ಹತ್ತಿ ಉಂಡೆಯುಂಡೆಯಾಗಿ ನೆಲಕ್ಕೆ ಬಿತ್ತು.

ಮುಂದಿನ ಹಲಗೆಯೊಂದು ಉಳಿಯಿತು.

"ಇದ್ರಲ್ಲಿ ತೂತೈತೆ. ಮಣ್ಣು ಇಳಿಯುತ್ತೆ," ಅಂದ ಗುಂಡಯ್ಯ. "ಉಳಿದಿದ್ದು ಸಾಕಾಗುತ್ತೆ."

ಸಾಕಾಯಿತು. ಜನಾಜಾ ಎದ್ದಿತು. ಸರ್ದಾರ್ ತಮ್ಮನಿಗೆ ಹೆಗಲು ಕೊಟ್ಟ, ಗುಂಡಯ್ಯ ಹಲಗೆಗಳನ್ನು ಸೈಕಲ್ಲಿಗೆ ಕಟ್ಟಿ ತಳ್ಳಿಕೊಂಡು ಹಿಂದೆ ನಡೆದ. ಹೆಂಗಸರು ಒಳಗೇ ಉಳಿದರು.

ಸಂಜೆಗೆ ಮನೆ ಬರಿದಾಯಿತು. ಗಂಡ ಸತ್ತ ಮೇಲೆ ಮನೆಯೊಳಗೇ ಇರಬೇಕಾದ ಇದ್ದತ್ತಿನಲ್ಲಿ ಕೂತವಳು ಬೀದಿಗೆ ಕಾಣಬಾರದೆಂದು ಸಲೀಮಾ ಆ ತೂತಿನ ಹಲಗೆಯನ್ನು ತೆರೆದ ಬಾಗಿಲಿಗೆ ಅಡ್ಡಲಾಗಿ ಒರಗಿಸಿ, ಚಹಾ ಕಾಯಿಸಲು ಒಳಗೆ ಹೋದಳು. ಬಾಗಿಲಿಗಿಂತ ಅಗಲದ ಹಲಗೆ ಅವಳನ್ನು ಚೆನ್ನಾಗಿಯೇ ಮರೆಮಾಡಿತು. ಸ್ಪೀಕರಿದ್ದ ದೊಡ್ಡ ತೂತಿನಿಂದ ಬೀದಿಯ ಬೆಳಕು ನಡುಮನೆಗೆ ಬಿದ್ದಿತ್ತು. ಚಿಕ್ಕ ತೂತಿನಲ್ಲಿ ರಟ್ಟಿನ ಕೊಳವೆ ಹಾಗೇ ಇತ್ತು.

ಅಖ್ತರ್ ಬಾನು ಅದರ ಮುಂದೆ ಹೋಗಿ ಕೂತಳು. ಬಳೆ ತೆಗೆದ ಕೈಯನ್ನು ಕೊಳವೆಯ ಬಾಯಿಗೆ ಒಡ್ಡಿದಳು. ಹೊರಗೆ ಸಂಜೆಯ ಗಾಳಿ ಎದ್ದಿತ್ತು.

"ಬಂತು," ಅಂದಳು. "ತೆಳ್ಳಗೆ."