ಉಣ್ಣೆ ಇಲ್ಲದ ಮನೆ

ಬಂಡೆಮ್ಮನಿಗೆ ದಮ್ಮಿನ ಬೇನೆ ಹತ್ತಿದ್ದು ಮಗಳು ಯಂಕಿ ಹುಟ್ಟಿದ ವರ್ಷ. ದೇವದುರ್ಗದಿಂದ ಕೃಷ್ಣೆಯ ಕಡೆ ಇಳಿದರೆ ಸಿಗುವ ಸಣ್ಣ ಊರು ಅವರದು. ಗಂಡ ಕನಕರಾಯನಿಗೆ ನೂರರ ಮೇಲೆ ಕುರಿಗಳಿದ್ದವು. ಅತ್ತೆ ಆದೆಮ್ಮ ಉಣ್ಣೆ ಹಿಂಜಿ ನೂಲುತ್ತಿದ್ದಳು, ಕನಕರಾಯ ಕಂಬಳಿ ನೇಯುತ್ತಿದ್ದ. ಹಾಸುವುದಕ್ಕೂ ಕಂಬಳಿ, ಹೊದೆಯುವುದಕ್ಕೂ ಕಂಬಳಿ. ಕೂಸನ್ನು ಮಲಗಿಸುತ್ತಿದ್ದುದೂ ಕಂಬಳಿಯ ತುಂಡಿನ ಮೇಲೆಯೇ.

ಮೊದಲು ಅವಳು ಅದನ್ನು ನೆಗಡಿ ಎಂದುಕೊಂಡಳು. ಆಮೇಲೆ ಎದೆಯೊಳಗೆ ಸಿಳ್ಳೆಯಂಥ ಸದ್ದು ಶುರುವಾಯಿತು. ನೀರಿನ ಕೊಡ ಹೊತ್ತು ಬರುವಾಗ ದಾರಿಯಲ್ಲಿ ಮೂರು ಕಡೆ ನಿಂತು, ತಲೆಯ ಸಿಂಬಿ ಸರಿಪಡಿಸಿಕೊಳ್ಳುವವಳಂತೆ ನಟಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು. ಯಾರಾದರೂ ಮಾತಾಡಿಸಿದರೆ ಎರಡೇ ಮಾತು, ಇಲ್ಲವೇ ಬರೀ ತಲೆಯಾಡಿಸುವುದು. ಕನಕರಾಯನ ಹೆಂಡತಿಗೆ ಸೊಕ್ಕು ಬಂದಿದೆ ಎಂದು ಓಣಿಯವರು ಆಡಿಕೊಂಡರು. ಆದೆಮ್ಮ ಕಂಡವರ ಮಾತು ಕೇಳಿ ಸೊಸೆಯ ಎದೆಯ ಮೇಲೆ ಎರಡು ಬರೆ ಹಾಕಿಸಿದಳು. ಬರೆ ಮಾಯ್ದವು, ಬೇನೆ ಉಳಿಯಿತು.

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ದಿನ ಅವಳು ಹಟ್ಟಿಯಲ್ಲೇ ಕುಸಿದು ಬಿದ್ದಳು. ತುಟಿ, ಉಗುರು ನೀಲಿಗಟ್ಟಿದ್ದವು. ಕನಕರಾಯ ಅವಳನ್ನು ಎತ್ತಿಕೊಂಡು ಬಸ್ಸು ಹತ್ತಿ ರಾಯಚೂರಿನ ಆಸ್ಪತ್ರೆಗೆ ತಂದ. ಎರಡು ಸೂಜಿ ಚುಚ್ಚಿದ ಮೇಲೆ ಕಣ್ಣು ಬಿಟ್ಟಳು.

ಪಕ್ಕದ ಮಂಚದಲ್ಲಿ ಮಾನ್ವಿಯ ನೂರ್ ಬೀ ಇದ್ದಳು. ಬಳೆ ಮಾರುವ ವಿಧವೆ, ವಯಸ್ಸಿನಲ್ಲಿ ಹಿರಿಯಳು. ಅವಳದೂ ಅದೇ ಬೇನೆ, ಇಪ್ಪತ್ತು ವರ್ಷದ್ದು. ಉಸಿರು ಕಟ್ಟಿದಾಗ ಮಲಗಬಾರದು, ಮುಂದಕ್ಕೆ ಬಾಗಿ ಮೊಳಕೈ ಊರಿ ಕೂರಬೇಕು, ಗಾಳಿ ಎಳೆದುಕೊಳ್ಳುವುದಕ್ಕಿಂತ ಮೆಲ್ಲಗೆ ಬಿಡುವುದನ್ನು ಕಲಿಯಬೇಕು ಎಂದು ಅವಳೇ ಹೇಳಿಕೊಟ್ಟಳು. ಬೇನೆ ಜೋರಾದಾಗ ನುಂಗಿದರಾಯಿತು ಎಂದು ಗುಳಿಗೆಯನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳುವವರು ಉಳಿಯುವುದಿಲ್ಲ ಎಂದೂ ಹೇಳಿದಳು. ಐದು ವರ್ಷಗಳಲ್ಲಿ ಬಂಡೆಮ್ಮನೊಳಗೆ ಏನಾಗುತ್ತಿದೆ ಎಂಬುದನ್ನು ಅವಳು ವಿವರಿಸದೆಯೂ ತಿಳಿದುಕೊಂಡ ಮೊದಲ ಜೀವ ನೂರ್ ಬೀ. ಬಂಡೆಮ್ಮ ಅವಳ ಕೈ ಹಿಡಿದುಕೊಂಡಳು.

ಡಾಕ್ಟರು ಮನೆಯ ವಿಚಾರವೆಲ್ಲ ಕೇಳಿ, ಉಣ್ಣೆಯೇ ಆಗಿಬರುತ್ತಿಲ್ಲ, ಕುರಿ ಮತ್ತು ಕಂಬಳಿಯಿಂದ ದೂರವಿದ್ದರೆ ಮಾತ್ರ ಬದುಕುತ್ತಾಳೆ ಎಂದರು. ಡಾಕ್ಟರು ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ಕನಕರಾಯ ನಕ್ಕುಬಿಟ್ಟ. ಊರಿಗೆ ಬಂದು ಹೇಳಿದಾಗ ಆದೆಮ್ಮ ನಗಲಿಲ್ಲ.

"ಕುರುಬರ ಹೆಣ್ಣಿಗೆ ಕುರಿ ಆಗಲ್ಲಂದ್ರ ಮೀನಿಗೆ ನೀರು ಆಗಲ್ಲಂದಂಗಾತು" ಎಂದಳು.

ಆ ವರ್ಷ ಇನ್ನೆರಡು ಸಲ ರಾಯಚೂರಿಗೆ ಹೋಗಿಬಂದರು. ಅದರ ಮುಂದಿನ ಸಲ ಹೋದಾಗ ಕನಕರಾಯ ಅವಳನ್ನು ಊರಿಗೆ ಕರೆದೊಯ್ಯಲಿಲ್ಲ. ಮಾನ್ವಿಯಲ್ಲಿ ನೂರ್ ಬೀಯ ಅಂಗಳದಲ್ಲಿದ್ದ ಒಂದು ಕೋಣೆಯಲ್ಲಿ ಬಿಟ್ಟ. ಶಾಲೆಯೊಂದರಲ್ಲಿ ಗಡಿಗೆಗಳಿಗೆ ನೀರು ತುಂಬುವ ಕೆಲಸ ಸಿಕ್ಕಿತು. ಐದು ವರ್ಷದ ಯಂಕಿ ಅಜ್ಜಿಯ ಹತ್ತಿರ ಉಳಿದಳು.

ತಿಂಗಳು ಕಳೆಯುವುದರೊಳಗೆ ಬಂಡೆಮ್ಮ ನೆಲಕ್ಕೆ ಬೆನ್ನು ಹಚ್ಚಿ ಮಲಗುವಂತಾದಳು. ಹಾಗೆ ಮಲಗಿ ಎದ್ದ ಮೊದಲ ಮುಂಜಾನೆ ಅವಳಿಗೆ ಅಳು ಬಂತು. ತನ್ನ ಮನೆಯೇ ತನ್ನ ಕತ್ತು ಹಿಸುಕುತ್ತಿತ್ತು ಎಂಬ ಮಾತನ್ನು ಇನ್ನು ಇಲ್ಲವೆನ್ನುವಂತಿರಲಿಲ್ಲ.

ಸಂತೆಯ ದಿನ ಕನಕರಾಯ ಯಂಕಿಯನ್ನು ಕರೆತರುತ್ತಿದ್ದ. ದಾರಿಯ ಹಳ್ಳದಲ್ಲಿ ಇಬ್ಬರೂ ಮೈ ತೊಳೆದು, ಒಗೆದ ಬಟ್ಟೆ ಉಟ್ಟುಕೊಂಡೇ ಅಂಗಳಕ್ಕೆ ಕಾಲಿಡುತ್ತಿದ್ದರು. ಒಂದು ಚಳಿಗಾಲದ ಸಂತೆಗೆ ಕೂಸಿಗೆ ಜ್ವರವಿತ್ತು. ಸ್ನಾನ ಮಾಡಿಸದೆ, ಸಣ್ಣ ಕಂಬಳಿಯಲ್ಲಿ ಸುತ್ತಿಕೊಂಡು ತಂದಿದ್ದ. ಬಂಡೆಮ್ಮ ಹಿಂದುಮುಂದು ನೋಡದೆ ಮಗಳನ್ನು ಎದೆಗೆ ಅವಚಿಕೊಂಡಳು. ಅದರ ಕೆನ್ನೆಗೆ ಕೆನ್ನೆ ಹಚ್ಚಿ ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಗಾಳಿ ಸಿಗದಾಯಿತು. ಬಾಯಿ ತೆರೆದು ಕಣ್ಣು ಹೊರಳಿಸುತ್ತಿದ್ದ ತಾಯಿಯನ್ನು ಅಪ್ಪನೂ ನೂರ್ ಬೀಯೂ ಡಾಕ್ಟರ ಹತ್ತಿರ ಹೊತ್ತೊಯ್ಯುವುದನ್ನು ಯಂಕಿ ಗೋಡೆಗೆ ಅಂಟಿಕೊಂಡು ನೋಡಿದಳು.

ಮುಂದಿನ ಸಂತೆಗೆ ಬಂದವಳು ಬಾಗಿಲ ಹೊರಗೇ ನಿಂತಳು. ತಲೆಯಿಂದ ನೀರು ಇನ್ನೂ ಸೋರುತ್ತಿತ್ತು. ಬಂಡೆಮ್ಮ ಕೈ ಚಾಚಿ ಕರೆದಳು.

"ನಾ ಬರಲ್ಲ ಯವ್ವಾ. ನಾ ಮುಟ್ಟಿದ್ರ ನೀ ಸಾಯ್ತಿ."

ತಪ್ಪು ಕಂಬಳಿಯದು, ನಿನ್ನದಲ್ಲ ಎಂದು ಎಲ್ಲರೂ ತಿಳಿಸಿ ಹೇಳಿದರು. ಕೂಸು ಕೇಳಿಸಿಕೊಂಡಿತು, ಜಾಗ ಬಿಟ್ಟು ಕದಲಲಿಲ್ಲ. ಅಂದಿನಿಂದ ಪ್ರತಿ ಸಂತೆಗೂ ಹಾಗೆಯೇ.

ಒಂದು ವರ್ಷ ಇದನ್ನು ತಡೆದುಕೊಂಡ ಬಂಡೆಮ್ಮ, ಒಂದು ಮುಂಜಾನೆ ನೂರ್ ಬೀಗೂ ಹೇಳದೆ ಗುಳಿಗೆಗಳನ್ನು ಗಂಟು ಕಟ್ಟಿಕೊಂಡು ದೇವದುರ್ಗದ ಬಸ್ಸು ಹತ್ತಿದಳು. ಇರುವಷ್ಟು ದಿನ ಮಗಳ ಜತೆ ಇರೋಣ, ಆಮೇಲೆ ಆದದ್ದಾಗಲಿ ಎಂಬುದು ಅವಳ ಮನಸ್ಸಿನಲ್ಲಿದ್ದುದು. ಗುಳಿಗೆಗಳಿಂದ ಅವಳ ಮುಖ ಉಬ್ಬಿ ದುಂಡಗಾಗಿತ್ತು. ಮಾನ್ವಿಯ ನೀರು ಹತ್ತಿದೆ, ಮೈಕೈ ತುಂಬಿಕೊಂಡಿದ್ದಾಳೆ ಎಂದು ಓಣಿಯ ಹೆಂಗಸರು ಹೊಗಳಿದರು. ಅವಳ ಬೆರಳು ನಡುಗಿ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ತಾಯಿ ಹೊಸ್ತಿಲು ದಾಟಿದ್ದನ್ನು ನೋಡಿ ಯಂಕಿ ಹಿತ್ತಲಿನಿಂದ ಓಡಿಹೋದಳು. ಎಂಟು ದಿನ ಅಪ್ಪನ ಜತೆ ಅಡವಿಯಲ್ಲಿ ಕುರಿಗಳ ನಡುವೆಯೇ ಇದ್ದಳು, ಮನೆಗೆ ಬರಲೊಲ್ಲೆ ಎಂದಳು. ಎಂಟನೆಯ ದಿನ ಬಂಡೆಮ್ಮನಿಗೆ ಗುಳಿಗೆ ನಾಟದೆ ಉಸಿರು ಕಟ್ಟಿತು. ರಾಯಚೂರಿನ ಆಸ್ಪತ್ರೆಯಲ್ಲಿ ಅವಳಿಗೆ ಮಾತು ಬಂದ ಮೇಲೆ, ಕನಕರಾಯ ಮಂಚದ ಕೆಳಗೆ ನೆಲದ ಮೇಲೆ ಕೂತು ಹೇಳಿದ.

"ಇಲ್ಲಿ ಕೇಳು ಬಂಡಿ. ನೀ ನಮ್ಮ ಮನ್ಯಾಗ ಸತ್ರ, ಆ ಕೂಸು ತಾನೇ ಕೊಂದೀನಿ ಅಂತ ಸಾಯೂತನ ಅಂದ್ಕೊಂತದ. ನಿನ್ನ ಸಲುವಾಗಿ ಅಲ್ಲ, ಅದರ ಸಲುವಾಗಿ ಮಾನ್ವ್ಯಾಗ ಇದ್ದುಬಿಡು."

ಬಂಡೆಮ್ಮ ಇದ್ದುಬಿಟ್ಟಳು. ಸಾಯದಿರುವುದೇ ಮಗಳಿಗೆ ತಾನು ಮಾಡಬಹುದಾದ ಕೆಲಸ ಎಂದು ಹೊತ್ತುಹೊತ್ತಿಗೆ ಗುಳಿಗೆ ನುಂಗಿದಳು. ಕಸ ಗುಡಿಸುವಾಗ ಮೂಗಿಗೆ ಸೆರಗು ಕಟ್ಟಿದಳು, ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು. ಮುಂದೆ ಬಾಯಿಗಿಟ್ಟು ಒತ್ತುವ ಸಣ್ಣ ಪಂಪು ಬಂದಾಗ ಅದನ್ನೂ ಕಲಿತಳು. ಎಂಬತ್ತಮೂರರಲ್ಲಿ ನೂರ್ ಬೀ ಕಟ್ಟೆಯ ಮೇಲೆ ಬಾಗಿ ಕೂತವಳು ಕೂತಲ್ಲೇ ತೀರಿಕೊಂಡಳು. ಒಂದು ಹೊತ್ತಿನ ಗುಳಿಗೆಯನ್ನೂ ತಪ್ಪಿಸಿದವಳಲ್ಲ. ಅಂದಿನಿಂದ ಬಂಡೆಮ್ಮನಿಗೆ ತನ್ನ ಬೇನೆಯ ಮಾತಾಡಲು ಯಾರೂ ಉಳಿಯಲಿಲ್ಲ.

ಎಂಬತ್ತಾರರಲ್ಲಿ ಯಂಕಿಯ ಮದುವೆಯಾಯಿತು. ಅಳಿಯ ಹುಲಿಗೆಪ್ಪ ಶಕ್ತಿನಗರದ ಕರೆಂಟಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸಕ್ಕಿದ್ದ. ಹಂದರದ ತುಂಬ ಕಂಬಳಿ ಹಾಸಿದ್ದರಿಂದ ಬಂಡೆಮ್ಮ ಅಕ್ಷತೆಯ ಅಕ್ಕಿಕಾಳನ್ನು ಓಣಿಯ ತುದಿಯಿಂದಲೇ ಹಾಕಿ ಹೊರಟುಬಂದಳು. ಆದರೆ ಮನಸ್ಸಿನಲ್ಲಿ ಬೇರೊಂದು ಆಸೆ ಚಿಗುರಿತ್ತು. ಶಕ್ತಿನಗರದ ಆ ಮನೆಯಲ್ಲಿ ಕುರಿಯಿಲ್ಲ, ಕಂಬಳಿಯಿಲ್ಲ. ಅಲ್ಲಿ ತಾಯಿ ಮಗಳು ಒಂದೇ ಚಾಪೆಯ ಮೇಲೆ ಕೂರಬಹುದು.

ಆರು ತಿಂಗಳ ಮೇಲೆ, ಮಗಳು ಬಸುರಿ ಎಂದು ತಿಳಿದು ಹೊರಟಳು. ಯಂಕಿ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ರೊಟ್ಟಿ ಪಲ್ಲೆ ತಟ್ಟೆಗೆ ಹಾಕಿ ಮುಂದೆ ಸರಿಸಿದಳು. ಆಮೇಲೆ ಹೋಗಿ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತಳು.

"ಒಳಗ ಬಾರಬೇ, ಇಲ್ಲೆಲ್ಲೂ ಉಣ್ಣೆ ಇಲ್ಲ" ಎಂದಳು ಬಂಡೆಮ್ಮ.

ಯಂಕಿ ಎದ್ದಳು. ಹೊಸ್ತಿಲ ತನಕ ಬಂದು ನಿಂತಳು. "ಗೊತ್ತದ ಯವ್ವಾ. ನಂಗ ರೂಢಿ ಇಲ್ಲ."

ಬಂಡೆಮ್ಮ ತುತ್ತು ಮುರಿದಳು. ಹೊಸ್ತಿಲಲ್ಲಿ ನಿಂತೇ ಮಗಳು, ಈ ಬೇನೆ ಹೊಟ್ಟೆಯ ಕೂಸಿಗೂ ಬರುತ್ತದೆಯೇ ಎಂದು ಕೇಳಿದಳು. ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಅಂದಿದ್ದನ್ನು ಬಂಡೆಮ್ಮ ಮುಚ್ಚಿಡದೆ ಹೇಳಿದಳು. ಮೊದಲು ಹೇಗೆ ಶುರುವಾಯಿತು, ಆಗ ಒಳಗೆ ಹೇಗನಿಸುತ್ತದೆ ಎಂದು ಯಂಕಿ ಒಂದೊಂದಾಗಿ ಕೇಳಿದಳು. ಹನ್ನೆರಡು ವರ್ಷದಲ್ಲಿ ಅವಳು ಇದನ್ನು ಕೇಳಿರಲಿಲ್ಲ. ಬಂಡೆಮ್ಮ ನಡುನಡುವೆ ಉಸಿರಿಗೆ ನಿಲ್ಲುತ್ತ ಎಲ್ಲವನ್ನೂ ಹೇಳಿದಳು. ಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು.

ಸಂಜೆಗೆ ಮುಂಚೆ ಬಂಡೆಮ್ಮ ಬಸ್ಸಿಗೆ ಹೊರಟಾಗ ಯಂಕಿ ನಾಲ್ಕು ಮಾರು ಹಿಂದೆ ನಡೆದು ಬಂದಳು. ತಾಯಿ ಉಸಿರಿಗಾಗಿ ನಿಂತಲ್ಲೆಲ್ಲ ತಾನೂ ನಿಂತಳು. ರಾಯಚೂರಿನ ಬಸ್ಸು ಬಂತು. ಹತ್ತಿ ಕಿಟಕಿಯ ಹತ್ತಿರ ಕೂತ ಬಂಡೆಮ್ಮ ನೋಡಿದಳು. ಯಂಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದಳು, ಬಸ್ಸು ಹೊರಟರೂ ಅಲ್ಲಿಂದ ಕದಲಲಿಲ್ಲ.