ಭಾವ ಬೇಯಿಸಿದ ಅಯಸ್ಕಾಂತ

ಅವಳು ಅಯಸ್ಕಾಂತದ ಕಾರ್ಖಾನೆಯಲ್ಲಿ ಕುಲುಮೆ ವಿಭಾಗದ ಮೇಲ್ವಿಚಾರಕಿ. ಅವಳ ಅಕ್ಕನ ಗಂಡನಿಗೆ ಮ್ಯಾಗ್ನೆಟ್ ಬೆಲ್ಟು ಮಾರುವ ದಂಧೆ. ಸೊಂಟಕ್ಕೆ ಕಟ್ಟಿಕೊಂಡರೆ ಬೆನ್ನುನೋವಿನಿಂದ ಹಿಡಿದು ಮರೆವಿನವರೆಗೆ ಎಲ್ಲವೂ ವಾಸಿಯಂತೆ! ಈ ಭಾವನಿಗೆ ಬಾಯಿ ಊರಗಲ, ಕಿವಿ ಮಾತ್ರ ಅರ್ಧ.

ಆ ಅರ್ಧ ಕಿವಿಯಲ್ಲೇ ಒಂದು ದಿನ ಊಟದ ಹೊತ್ತಿನಲ್ಲಿ ಅವಳ ಮಾತು ಕೇಳಿಸಿಕೊಂಡ. ಮಿಶ್ರಲೋಹದ ತುಂಡುಗಳನ್ನು ಕೆಂಪಗೆ ಕಾಯಿಸಿ, ಕಾಂತಕ್ಷೇತ್ರದೊಳಗೆ ಹದವಾಗಿ ಆರಿಸಿ, ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಗಟ್ಟಿ ಅಯಸ್ಕಾಂತ ಆಗುತ್ತದೆಂದು ಅವಳು ಅಕ್ಕನಿಗೆ ಹೇಳುತ್ತಿದ್ದಳು. ಭಾವನ ತಲೆಗೆ ಹೋದದ್ದು ಇಷ್ಟೇ: ಕಾಯಿಸಿದರೆ ಶಕ್ತಿ ಹೆಚ್ಚುತ್ತದೆ.

ಮುಂದಿನ ವಾರ ಅವಳು ಅಕ್ಕನ ಮನೆಗೆ ಹೋದಾಗ ಓವನ್ನಿನ ತುಂಬ ಬೆಲ್ಟಿನಿಂದ ಬಿಚ್ಚಿದ ಅಯಸ್ಕಾಂತದ ಬಿಲ್ಲೆಗಳು. ಮೇಜಿನ ಮೇಲೆ ಹೊಸ ಚೀಟಿಗಳು: ‘ಅಗ್ನಿಸಂಸ್ಕಾರಗೊಂಡ ಅಯಸ್ಕಾಂತ’.

“ಹೆಸರು ಸರಿಯಾಗೇ ಇಟ್ಟಿದ್ದೀರಿ ಭಾವ. ಸತ್ತಿರೋದಕ್ಕೆ ಮಾಡೋದು ಅದನ್ನೇ ಅಲ್ವಾ?”

“ಏನಮ್ಮಾ ನಾದಿನಿ, ಕಾಯಿಸಬೇಕು ಅಂತ ಹೇಳಿದವಳೇ ನೀನು!”

“ನಾನು ಹೇಳಿದ್ದು ಇನ್ನೂ ಮ್ಯಾಗ್ನೆಟ್ ಆಗದೇ ಇರೋ ಲೋಹದ ಮಾತು. ಇವು ಆಗ್ಲೇ ಆಗಿರೋವು. ಹೀಗೆ ಬೇಯಿಸಿದ್ರೆ, ಒಳಗೆ ಒಂದೇ ಕಡೆ ಮುಖ ಮಾಡಿ ನಿಂತಿದ್ದೆಲ್ಲ ದಿಕ್ಕಾಪಾಲಾಗುತ್ತೆ.”

“ಓದಿದವರಿಗೆ ಎಲ್ಲಾದ್ರಲ್ಲೂ ಅನುಮಾನ,” ಎಂದು ಭಾವ ನಕ್ಕ.

ಬೆಲ್ಟುಗಳು ಖರ್ಚಾಗತೊಡಗಿದವು. ಕಟ್ಟಿಕೊಂಡವರೆಲ್ಲ ನೋವು ಮಾಯ ಎಂದರು. ಅವಳಿಗೆ ಮೈಯೆಲ್ಲ ಉರಿಯಿತು. ಸತ್ತ ಅಯಸ್ಕಾಂತವೂ ಜೀವಂತ ಅಯಸ್ಕಾಂತದಷ್ಟೇ ಗುಣ ಕೊಟ್ಟಿತ್ತು, ಅಂದರೆ ಏನೂ ಇಲ್ಲ.

ಬೆಲ್ಟು ಹಿಡಿದು ಜಗಳಕ್ಕೆ ಬಂದವನು ಪಕ್ಕದ ಬೀದಿಯ ದರ್ಜಿಯೊಬ್ಬನೇ. ಆಗ ಅವಳೂ ಅಲ್ಲೇ ಇದ್ದಳು.

“ಹಳೇದು ಹರಿದೋಯ್ತು ಅಂತ ಇದನ್ನ ತಗೊಂಡೆ. ಒಂದು ಸೂಜಿನೂ ಎತ್ತಲ್ಲ!”

“ಶಕ್ತಿ ಎಲ್ಲ ನಿಮ್ಮ ಮೈಗೆ ಇಳಿದಿದೆ ಸ್ವಾಮಿ,” ಎಂದ ಭಾವ.

“ಯಾರ ಮೈಗೆ? ಗೋಡೆ ಮೊಳೆಗೆ ನೇತುಹಾಕಿದ್ದೆ! ಬಿದ್ದ ಸೂಜಿ ಎತ್ತೋಕೆ ತಾನೇ ನಾನು ತಗೊಳ್ಳೋದು?”

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಅವಳು ದರ್ಜಿಯ ಬೆಲ್ಟನ್ನು ಕಾರ್ಖಾನೆಗೆ ಒಯ್ದು, ಬಿಲ್ಲೆಗಳಿಗೆ ಮತ್ತೆ ಕಾಂತತ್ವ ಕೊಡಿಸಿ ತಂದಳು. ಅದು ಮುಷ್ಟಿಗಟ್ಟಲೆ ಸೂಜಿ ಎತ್ತಿತು. ಕೂಡಲೇ ಭಾವ ಮಿಕ್ಕ ಬೆಲ್ಟುಗಳ ಚೀಲ ಎಳೆದು ತಂದ.

“ಇವಕ್ಕೂ ಹಾಗೇ ಮಾಡಿಸಮ್ಮಾ.”

“ಯಾಕೆ ಭಾವ? ನೀವು ಮಾಡೋ ವೈದ್ಯಕ್ಕೆ ಇವೇ ಧಾರಾಳ.”

ಅದನ್ನು ಭಾವ ಹೊಗಳಿಕೆ ಎಂದೇ ತಿಳಿದ. ಮರುದಿನದಿಂದ ಗಿರಾಕಿಗಳಿಗೆ ಅದನ್ನೇ ಹೇಳತೊಡಗಿದ: “ಇವೇ ಧಾರಾಳ ಅಂತ ಫ್ಯಾಕ್ಟರಿಯಲ್ಲಿರೋ ನಮ್ಮ ನಾದಿನಿನೇ ಒಪ್ಪಿದ್ದಾಳೆ!”