ಜುಹುರಾ ಟೀಚರ್ ಮನೆಗೆ ವಿಮೆ ಮಾಡಿಸಿದ್ದು

ಮೊಂಬಾಸಾದ ಹಳೇಪೇಟೆಯಲ್ಲಿ ನಾನು ಬಾಡಿಗೆಗಿರುವ ಮನೆಯನ್ನು ಕಟ್ಟಿಸಿದ್ದು ನಮ್ಮ ಮನೆಯೊಡತಿ ಜುಹುರಾ ಟೀಚರ್ ಅವರ ಅಜ್ಜ. ಹವಳದ ಕಲ್ಲಿನ ಗೋಡೆ, ಕಾಂಡ್ಲಾ ಮರದ ತೊಲೆ, ಮೂರು ಅಂತಸ್ತು, ಹನ್ನೊಂದು ಬಾಡಿಗೆದಾರರು. ಮೇಲಿನ ಮೂಲೆ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ. ಕೆಳಗೆ ಮರದ ಮೆಟ್ಟಿಲಿನಡಿ ಮಾಮಾ ಕಡ್ಜೊಳ ಇದ್ದಿಲು ಒಲೆ; ಇಲ್ಲಿ ಮಾಮಾ ಎಂದರೆ ಅಮ್ಮ. ಅವಳು ಮಹಮ್ರಿ ಎಂಬ ಸಿಹಿ ಬನ್ನು ಕರಿಯುವ ಏಲಕ್ಕಿ ಘಮಕ್ಕೇ ನಮಗೆಲ್ಲ ಎಚ್ಚರವಾಗುವುದು.

ಈದ್ ಮುಗಿದ ವಾರ ಹಿಂದಿನ ಓಣಿಯಲ್ಲಿ ಇಂಥದೇ ಒಂದು ಮನೆ ಸುಟ್ಟುಹೋಯಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆದರೆ ಬಾಡಿಗೆದಾರರು ಹಾಸಿಗೆ ಸುತ್ತಿಕೊಂಡು ಬೀದಿಯಲ್ಲಿ ಕೂತಿದ್ದರು; ಮನೆಯ ಯಜಮಾನನೂ ಅವರ ನಡುವೆಯೇ ಕೂತಿದ್ದ. ವಿಮೆ ಇರಲಿಲ್ಲ. ಅದನ್ನು ನೋಡಿ ಬಂದ ಟೀಚರ್ ಮರುದಿನವೇ ವಿಮಾ ಕಚೇರಿಗಳಿಗೆ ಹೊರಟರು. ಅವರಿಗೆ ಮಂಡಿನೋವು, ಹಾಗಾಗಿ ಜೊತೆಗೆ ನಾನೂ ಹೋದೆ.

ಎರಡು ಕಚೇರಿಗಳಲ್ಲಿ ಮನೆಯ ವಯಸ್ಸು ಕೇಳಿಯೇ ಕಡತ ಮುಚ್ಚಿದರು. ಮೂರನೆಯದರಲ್ಲಿ ಎಳೆಯ ಅಧಿಕಾರಿಯೊಬ್ಬ ನಕ್ಕ. "ಅಜ್ಜೀ, ಈ ಮನೆ ನಿಮಗಿಂತ ಹಳೇದು!"

"ಹೌದಪ್ಪಾ. ನನಗಿಂತ ಗಟ್ಟಿಯಾಗೂ ಇದೆ."

ಹೊರಗೆ ಬಂದರೆ ಒಬ್ಬ ದಲ್ಲಾಳಿ ಗಂಟುಬಿದ್ದ. "ಇಷ್ಟೊಂದು ಬಾಡಿಗೆದಾರರು ಅಂದ್ರೆ ಯಾರೂ ಒಪ್ಪಲ್ಲ. ಒಂದೇ ಕುಟುಂಬ ಇರೋದು ಅಂತ ಬರೀರಿ ಟೀಚರ್. ನಾನು ಮಾಡಿಸಿಕೊಡ್ತೀನಿ."

"ಬೆಂಕಿ ಬಿದ್ದ ದಿನ ಅವರು ಬಂದು ತಲೆ ಎಣಿಸ್ತಾರೆ. ಆಗ ಈ ವಯಸ್ಸಲ್ಲಿ ನಾನು ಹನ್ನೊಂದು ಹೆತ್ತೆ ಅಂತ ಹೇಳ್ಲಾ?"

ಹಾಗೆಂದವರೇ ತಿರುಗಿ ಒಳಗೆ ಹೋಗಿ ಅದೇ ಅಧಿಕಾರಿಯ ಎದುರು ಕೂತರು. "ಆಗಲ್ಲ ಅನ್ನೋದು ಬಿಡು ಮಗಾ. ಏನೇನು ಸರಿ ಮಾಡಿದ್ರೆ ಆಗುತ್ತೆ, ಅದನ್ನ ಬರೆದು ಕೊಡು."

ಊಟದ ಹೊತ್ತಾದರೂ ಅವರು ಏಳಲಿಲ್ಲ. ಕೊನೆಗೆ ಅವನು ಮೂರು ಸಾಲು ಬರೆದು ಮುದ್ರೆ ಒತ್ತಿದ: ಹಳೆಯ ವಿದ್ಯುತ್ ತಂತಿ ಬದಲಿಸಬೇಕು, ಕೊಳೆತ ತೊಲೆ ತೆಗೆಸಬೇಕು, ಮರದ ಹತ್ತಿರ ಒಲೆ ಉರಿಯಬಾರದು.

ತಂತಿಯ ಕೆಲಸವನ್ನು ಎರಡನೇ ಅಂತಸ್ತಿನ ಕಟಾನಾ ವಹಿಸಿಕೊಂಡ. ಅವನು ಪರವಾನಗಿ ಇರುವ ಎಲೆಕ್ಟ್ರಿಷಿಯನ್. ಎರಡು ತೊಲೆ ಹೊಸದು ಬಂತು. ಕಷ್ಟವಾದದ್ದು ಒಲೆ.

"ಹತ್ತೊಂಬತ್ತು ವರ್ಷದಿಂದ ಉರೀತಿದೆ," ಮಾಮಾ ಕಡ್ಜೊ ಸೊಂಟಕ್ಕೆ ಕೈಯಿಟ್ಟಳು. "ನಿಮ್ಮ ಮನೆ ಒಂದಿನ ಬೆವರಿದ್ದು ನೋಡಿದ್ದೀರಾ?"

ಟೀಚರ್ ಒಲೆಯ ಪಕ್ಕ ಬಗ್ಗಿದರು. ಅವಳ ಚಾಕುವನ್ನೇ ತೆಗೆದುಕೊಂಡು ಒಲೆಯ ಮೇಲಿದ್ದ ಮೆಟ್ಟಿಲಿನ ಅಡಿಯನ್ನು ಕೆರೆದರು. ಮರ ಮರವಾಗಿ ಬರಲಿಲ್ಲ, ಬೆರಳು ದಪ್ಪ ಇದ್ದಿಲಾಗಿ ಉದುರಿತು. ಕಡ್ಜೊ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ತಲೆಯೆತ್ತಿ ಮೇಲೆ ನೋಡಿದಳು. ಅವಳ ಮೂರು ಮಕ್ಕಳು ಮಲಗುವುದು ಆ ಮೆಟ್ಟಿಲ ಮೇಲಿನ ಕೋಣೆಯಲ್ಲೇ.

"ಅಂಗಳದಲ್ಲಿ ಜಾಗ ಕೊಡ್ತೀರಾ?"

"ಎಲ್ಲಿ ಬೇಕೋ ನೀನೇ ತೋರಿಸು."

ಆ ಭಾನುವಾರ ಹನ್ನೊಂದು ಬಾಡಿಗೆದಾರರೂ ಕಲ್ಲು ಹೊತ್ತೆವು. ತಗಡಿನ ಮಾಡಿನ ಕೆಳಗೆ ಅವಳಿಗೆ ಎರಡು ಬಾಣಲೆ ಹಿಡಿಯುವ ಒಲೆ ಎದ್ದಿತು. ಸುಟ್ಟ ಮೆಟ್ಟಿಲನ್ನು ಬಡಗಿ ಕಿತ್ತು ಹೊಸದು ಕೂರಿಸಿದ.

ತಪಾಸಣೆಗೆ ಬಂದವರು ಮುತಿಸ್ಯಾ ಎಂಬ ಹಿರಿಯರು. ಮಾತು ಕಡಿಮೆ. ಪ್ರತಿ ತೊಲೆಗೂ ತಿರುಪುಳಿ ಚುಚ್ಚಿದರು, ಸ್ವಿಚ್ಚುಗಳನ್ನು ಬಿಚ್ಚಿಸಿದರು, ಗೋಡೆಗೆ ಅಳತೆಪಟ್ಟಿ ಹಿಡಿದರು. ಮೊಳಕ್ಕೂ ಹೆಚ್ಚು ದಪ್ಪ. ಕೊನೆಗೆ ತಲೆ ಕೆರೆದುಕೊಂಡು, "ಎಲ್ಲಾ ಚೆನ್ನಾಗಿದೆ ಟೀಚರ್. ಆದ್ರೆ ಮನೆಯ ವಯಸ್ಸು..." ಎಂದರು.

ಟೀಚರ್ ಮುದ್ರೆ ಒತ್ತಿದ ಕಾಗದವನ್ನು ಅವರ ಕೈಗಿಟ್ಟರು. "ನಿಮ್ಮವರು ಬರೆದದ್ದು. ಇದರಲ್ಲಿ ವಯಸ್ಸು ಎಲ್ಲಿದೆ, ತೋರಿಸಿ."

ಮುತಿಸ್ಯಾ ಎರಡು ಸಲ ಓದಿದರು. ಆಮೇಲೆ ನಗು ತಡೆಯಲಾಗಲಿಲ್ಲ. "ನಿಮ್ಮ ಕ್ಲಾಸಲ್ಲಿ ಕೂತವರ ಪಾಡು ಏನಿತ್ತೋ! ಈಗಿನವರು ಕಟ್ಟಿದ ಫ್ಲಾಟುಗಳಲ್ಲೂ ಇಂಥ ಗೋಡೆ ನಾನು ನೋಡಿಲ್ಲ. ಹಾಗೇ ಬರೀತೀನಿ."

ಎರಡು ವಾರಕ್ಕೆ ಪಾಲಿಸಿ ಬಂತು. ಟೀಚರ್ ನಮ್ಮನ್ನೆಲ್ಲ ಅಂಗಳಕ್ಕೆ ಕರೆದು, ಕನ್ನಡಕ ಏರಿಸಿ, ಪಾಠ ಓದುವ ದನಿಯಲ್ಲಿ ಓದಿದರು: "ಹಳೆಯ ಕಲ್ಲಿನ ಕಟ್ಟಡ. ಬಾಡಿಗೆದಾರರು ಹನ್ನೊಂದು. ಅಂಗೀಕರಿಸಲಾಗಿದೆ."

ಹೆಂಗಸರು ನಾಲಿಗೆ ಹೊರಳಿಸಿ ಎಬ್ಬಿಸಿದ ಹರ್ಷದ ಕೂಗಿಗೆ ಎದುರು ಮನೆಯ ಕಿಟಕಿಗಳೆಲ್ಲ ತೆರೆದವು. ಏನಾಯಿತು, ಯಾರ ಮದುವೆ ಎಂದು ಕೇಳುತ್ತ ಜನ ಬಾಗಿಲಿಗೆ ಬಂದರು. ಮಂಡಿನೋವಿನ ಟೀಚರ್ ಆಗಲೇ ಎದ್ದು ಕುಣಿಯುತ್ತಿದ್ದರು.